ಕಾಲ್ಚೆಂಡಾಟದ ಆಕ್ರಮಣನೀತಿಯೂ ಪ್ರೇಕ್ಷಕರ ವಿಮರ್ಶೆಯೂ

ಚರಿತ್ರೆಯೆಂದರೆ ಅರಸರ ವಂಶಾವಳಿ, ಯುದ್ಧಗಳ ವಿವರ, ದಾನಶಾಸನಗಳ ಪಾಠನಿರ್ಣಯ ಎಂಬ ಅಭಿಪ್ರಾಯವು ನಮ್ಮ ಕಾಲೇಜುಗಳಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಜನಸಾಮಾನ್ಯರು ತಮ್ಮ ಬಿಡುವಿನ ವೇಳೆಯಲ್ಲಿ ಯಾವ ವಿಷಯವನ್ನು ಕುರಿತು ಆಸಕ್ತಿಯಿಂದ ವಾದಿಸುತ್ತಾರೆ, ಆ ವಾದಕ್ಕೆ ಯಾವ ಆಧಾರಗಳನ್ನು ಒಡ್ಡುತ್ತಾರೆ ಎಂಬುದೂ ಚರಿತ್ರೆಯ ವಿಷಯವೇ ಆಗಿದೆ. ಕಾಲ್ಚೆಂಡಾಟದ ಪ್ರೇಕ್ಷಕರು ತಮ್ಮ ತಂಡದ ಆಕ್ರಮಣನೀತಿಯನ್ನು ಕುರಿತು ನಡೆಸುವ ಚರ್ಚೆಯನ್ನು ಇಂತಹ ಒಂದು ವಿಷಯವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೈದಾನದ ಅಂಚಿನಲ್ಲಿ ನಿಂತು ನೋಡಿದವರ ವಿಮರ್ಶೆಗೂ ದೂರದರ್ಶನದ ಪರದೆಯ ಮುಂದೆ ಕುಳಿತು ನೋಡಿದವರ ವಿಮರ್ಶೆಗೂ ಭೇದವಿದೆಯೇ? ಇದ್ದರೆ ಅದು ಬುದ್ಧಿಯ ಭೇದವೋ, ಆಧಾರದ ಭೇದವೋ? ಬೆಂಗಳೂರಿನ ಕಾಲ್ಚೆಂಡಾಟದ ಇತಿಹಾಸವನ್ನು ಮುಂದಿಟ್ಟುಕೊಂಡು, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯ ಆಟವೊಂದನ್ನು ಅದರೊಡನೆ ಹೋಲಿಸಿ, ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸಲು ಯತ್ನಿಸುತ್ತೇವೆ.

೧. ಮೈದಾನದ ಕಾಲ

೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶವು ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಅಲ್ಲಿನ ಬ್ರಿಟಿಷ್ ಪಟಾಲಮುಗಳು ತಮ್ಮೊಡನೆ ಕಾಲ್ಚೆಂಡಾಟವನ್ನೂ ತಂದವು. ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್ ಮೊದಲಾದ ಬಡಾವಣೆಗಳ ಹುಡುಗರು ಸೈನಿಕರ ಆಟವನ್ನು ನೋಡಿ ಕಲಿತರು; ಆದರೆ ಸೈನಿಕರಂತೆ ಬೂಟು ತೊಟ್ಟು ಆಡಲಿಲ್ಲ. ಬರಿಗಾಲಿನ ಆಟವೇ ಅವರ ಸಂಪ್ರದಾಯವಾಯಿತು. ೧೮೯೧ರಲ್ಲಿ ಮುಂಬಯಿಯಲ್ಲಿ ಆರಂಭವಾದ ರೋವರ್ಸ್ ಕಪ್ ಪಂದ್ಯಾವಳಿಯು ದೀರ್ಘಕಾಲ ಸೈನ್ಯದ ತಂಡಗಳ ಸೊತ್ತಾಗಿದ್ದಿತು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಅದನ್ನು ಗೆದ್ದಿತು; ಭಾರತೀಯ ನಾಗರಿಕ ತಂಡವೊಂದು ಈ ಪಾರಿತೋಷಕವನ್ನು ಪಡೆದದ್ದು ಅದೇ ಮೊದಲು. ಮರುವರ್ಷವೂ, ಎಂದರೆ ೧೯೩೮ರಲ್ಲಿಯೂ, ಅದೇ ತಂಡ ಗೆದ್ದುದರಿಂದ ಮೊದಲಿನ ಗೆಲುವು ಆಕಸ್ಮಿಕವಲ್ಲವೆಂಬುದು ಸ್ಥಿರಪಟ್ಟಿತು.

ಆ ಕಾಲದ ಆಕ್ರಮಣನೀತಿಯ ಚೌಕಟ್ಟನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸುವುದು ಅವಶ್ಯಕ. ಗೋಲಿಯ ಮುಂದೆ ಇಬ್ಬರು ಬ್ಯಾಕುಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಅವರೆದುರು ಐವರು ಫಾರ್ವರ್ಡುಗಳು: ಇದು ಹಳೆಯ ವ್ಯೂಹ. ಐವರಲ್ಲಿ ಇಬ್ಬರು ಅಂಚುಗಳಲ್ಲಿಯೂ ಒಬ್ಬನು ನಡುವಿನಲ್ಲಿಯೂ ಉಳಿದಿಬ್ಬರು ಅವರ ನಡುವಣ ಎಡೆಯಲ್ಲಿಯೂ ಇರುತ್ತಿದ್ದರು. ೧೯೨೫ರವರೆಗೆ ಆಫ್‌ಸೈಡ್ ನಿಯಮದಂತೆ ಮುಂದಿರುವ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಾಗಿತ್ತು. ಆ ವರ್ಷ ಅದನ್ನು ಇಬ್ಬರಿಗೆ ಇಳಿಸಲಾಯಿತು. ಆಕ್ರಮಣ ಸುಲಭವಾದುದರಿಂದ ರಕ್ಷಣೆಯನ್ನು ಬಲಪಡಿಸಬೇಕಾಯಿತು. ಲಂಡನ್ನಿನ ಆರ್ಸೆನಲ್ ತಂಡದ ಹರ್ಬರ್ಟ್ ಚ್ಯಾಪ್‌ಮನ್ನನು ನಡುವಣ ಹಾಫ್‌ಬ್ಯಾಕನ್ನು ಹಿಂದಕ್ಕೆ ಸರಿಸಿ, ಇಬ್ಬರು ಫಾರ್ವರ್ಡುಗಳನ್ನು ಕೆಳಗಿಳಿಸಿ 'ಡಬ್ಲ್ಯು-ಎಂ' ಎಂಬ ವ್ಯೂಹವನ್ನು ರೂಢಿಗೆ ತಂದನು. ನಿಯಮವೊಂದು ಬದಲಾದರೆ ವ್ಯೂಹ ಬದಲಾಗುತ್ತದೆ, ವ್ಯೂಹ ಬದಲಾದರೆ ಪ್ರೇಕ್ಷಕರ ಚರ್ಚೆಯೂ ಬದಲಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

೧೯೪೧ರಲ್ಲಿ ಪ್ರಾಂತಗಳ ತಂಡಗಳಿಗಾಗಿ ಸಂತೋಷ್ ಟ್ರೋಫಿಯ ಸ್ಪರ್ಧೆ ಮೊದಲಾಯಿತು. ಮೈಸೂರು ತಂಡವು ಅದನ್ನು ೧೯೪೬-೪೭, ೧೯೫೨-೫೩, ೧೯೬೭-೬೮ ಮತ್ತು ೧೯೬೮-೬೯ರಲ್ಲಿ, ಹೀಗೆ ನಾಲ್ಕು ಸಲ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತ ತಂಡ ಬಂಗಾಳದ್ದೇ ಎಂಬುದು ಗಮನಾರ್ಹ. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡವು ಫ್ರಾನ್ಸಿಗೆ ೧-೨ರಿಂದ ಸೋತಾಗ ಭಾರತದ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುಮಂದಿ ಬರಿಗಾಲಿನಲ್ಲಿಯೇ ಆಡಿದರು.

ಇದೇ ಪರಂಪರೆಯ ಶ್ರೇಷ್ಠ ಪ್ರತಿನಿಧಿ ಬೆಂಗಳೂರಿನ ಅಹಮದ್ ಖಾನರು. ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರು ಫಾರ್ವರ್ಡುಗಳನ್ನು ಅಲ್ಲಿನ ಜನ 'ಪಂಚಪಾಂಡವರು' ಎಂದು ಕರೆದರು. ಆ ತಂಡವು ೧೯೪೯, ೧೯೫೦, ೧೯೫೧ರಲ್ಲಿ ಸತತವಾಗಿ ಐ. ಎಫ್. ಎ. ಷೀಲ್ಡನ್ನು ಗೆದ್ದಿತು. ಈ ಹೆಸರು ಕೇವಲ ಅಭಿಮಾನದ ಮಾತಲ್ಲ. ಅದರಲ್ಲಿ ಒಂದು ವಿಮರ್ಶೆ ಅಡಗಿದೆ. ಪ್ರೇಕ್ಷಕರು ಒಬ್ಬ ವೀರನನ್ನು ಹೆಸರಿಸಲಿಲ್ಲ, ಐವರನ್ನು ಒಂದು ಕೂಟವಾಗಿ ಹೆಸರಿಸಿದರು. ಚೆಂಡು ಯಾರ ಕಾಲಿನಲ್ಲಿದ್ದರೂ ಉಳಿದ ನಾಲ್ವರು ಎಲ್ಲಿದ್ದಾರೆಂಬುದನ್ನು ಮೈದಾನದ ಅಂಚಿನಲ್ಲಿದ್ದವರು ಕಣ್ಣಾರೆ ಕಾಣುತ್ತಿದ್ದರು; ಆದುದರಿಂದಲೇ ಅವರಿಗೆ ಆಕ್ರಮಣವು ಸಮೂಹದ ಕಾರ್ಯವಾಗಿ ತೋರಿತು.

ಆಕ್ರಮಣನೀತಿಗೆ ಭೌತಿಕ ಪರಿಸ್ಥಿತಿಗಳ ಕಟ್ಟೂ ಉಂಟು. ಬರಿಗಾಲಿನ ಆಟಗಾರನು ಚೆಂಡನ್ನು ನೆಲಕ್ಕೆ ಅಂಟಿಸಿಕೊಂಡು ಸಣ್ಣ ಪಾಸುಗಳಿಂದ ಮುಂದುವರಿಯುವನು. ಒಣನೆಲದಲ್ಲಿ ಇದು ಅನುಕೂಲ. ಒದ್ದೆಯಾದ ತಣ್ಣನೆಯ ನೆಲದಲ್ಲಿ ಪ್ರತಿಕೂಲ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತವು ಯುಗೋಸ್ಲಾವಿಯಕ್ಕೆ ೧-೧೦ರಿಂದ ಸೋತಿತು. ಆ ಒಂದು ಗೋಲು ಅಹಮದ್ ಖಾನರದು. ಆ ಸೋಲಿನ ತರುವಾಯ ಬೂಟು ತೊಡುವುದು ಭಾರತದ ಆಟದಲ್ಲಿ ಕಡ್ಡಾಯವಾಯಿತು. ನಾಲ್ಕು ವರ್ಷಗಳ ಬಳಿಕ ೧೯೫೬ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಹೈದರಾಬಾದಿನ ಎಸ್. ಎ. ರಹೀಮರ ಶಿಕ್ಷಣದಲ್ಲಿ ಭಾರತವು ನಾಲ್ಕನೆಯ ಸ್ಥಾನವನ್ನು ಗಳಿಸಿತು. ಆ ತಂಡದ ಹಾಫ್‌ಬ್ಯಾಕುಗಳಲ್ಲಿ ಒಬ್ಬರು ಬೆಂಗಳೂರಿನ ಕೆಂಪಯ್ಯನವರು.

೨. ಪರದೆಯ ಆಗಮನ

ಭಾರತದಲ್ಲಿ ದೂರದರ್ಶನ ಪ್ರಸಾರವು ೧೯೫೯ರ ಸೆಪ್ಟೆಂಬರ್ ೧೫ರಂದು ದಿಲ್ಲಿಯಲ್ಲಿ ಪ್ರಾರಂಭವಾಯಿತು. ಕರ್ನಾಟಕದ ಹಳ್ಳಿಗಳು ಅದನ್ನು ಮೊದಲು ಕಂಡದ್ದು ೧೯೭೫-೭೬ರ ಉಪಗ್ರಹ ಶಿಕ್ಷಣ ಪ್ರಯೋಗದ ಕಾಲದಲ್ಲಿ. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ಸಾರ್ವಜನಿಕ ಪೆಟ್ಟಿಗೆಗಳನ್ನಿರಿಸಲಾಯಿತು. ಕರ್ನಾಟಕದಲ್ಲಿ ವಿಜಾಪುರ, ಗುಲ್ಬರ್ಗ, ರಾಯಚೂರು ಸೀಮೆಗಳು ಇದರಲ್ಲಿ ಸೇರಿದ್ದವು. ಊರವರೆಲ್ಲ ಒಂದೆಡೆ ಕುಳಿತು ನೋಡುವ ಪದ್ಧತಿಯು ಹೀಗೆ ಮೊದಲಾಯಿತು. ೧೯೮೧ರಲ್ಲಿ ಬೆಂಗಳೂರು ಕೇಂದ್ರವು ಸ್ಥಾಪನೆಗೊಂಡಿತು. ೧೯೮೨ರ ದಿಲ್ಲಿ ಏಷ್ಯಾ ಕ್ರೀಡೆಗಳ ಸಂದರ್ಭದಲ್ಲಿ ವರ್ಣಪ್ರಸಾರವು ದೇಶದಲ್ಲಿ ಹರಡಿತು. ೧೯೮೬ರಲ್ಲಿ ಮೆಕ್ಸಿಕೋ ದೇಶದ ವಿಶ್ವಕಪ್ ಪಂದ್ಯಗಳನ್ನು ನಮ್ಮ ಜನ ಅಪರಾತ್ರಿಯಲ್ಲಿ ಎಚ್ಚರವಾಗಿದ್ದು ನೋಡಿದರು. ಜೂನ್ ೨೨ರಂದು ಅರ್ಜೆಂಟೀನದ ಮರಡೋನ ಇಂಗ್ಲೆಂಡಿನ ವಿರುದ್ಧ ಹೊಡೆದ ಎರಡು ಗೋಲುಗಳು, ಒಂದು ಕೈಯಿಂದ ತಳ್ಳಿದುದು, ಮತ್ತೊಂದು ಅರ್ಧ ಮೈದಾನವನ್ನು ಒಬ್ಬನೇ ದಾಟಿ ಹೊಡೆದುದು, ಅಂದಿನಿಂದ ಇಂದಿನವರೆಗೂ ಚರ್ಚೆಯ ವಸ್ತುಗಳಾಗಿವೆ. ಹಲಸೂರಿನ ಬಳಿಯ ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಯ ಪ್ರತಿಮೆಯನ್ನು ಜನರೇ ನಿಲ್ಲಿಸಿಕೊಂಡಿರುವುದು ದೂರದ ಆಟಗಾರನೊಬ್ಬನು ನೆರೆಮನೆಯವನಾಗಬಹುದೆಂಬುದಕ್ಕೆ ಸಾಕ್ಷಿ.

ಪರದೆಯು ಕೊಟ್ಟದ್ದೇನು, ಕಸಿದುಕೊಂಡದ್ದೇನು ಎಂಬುದನ್ನು ಈಗ ವಿವೇಚಿಸಬೇಕು. ಕಾಲ್ಚೆಂಡಿನ ಮೈದಾನವು ಸಾಮಾನ್ಯವಾಗಿ ೧೦೫ ಮೀಟರು ಉದ್ದ, ೬೮ ಮೀಟರು ಅಗಲ. ಆಡುವವರು ೨೨ ಮಂದಿ. ಪ್ರಸಾರದ ಮುಖ್ಯ ಕ್ಯಾಮರಾ ನಡುಗೆರೆಯ ನೇರದಲ್ಲಿ ಎತ್ತರದಲ್ಲಿದ್ದು ಚೆಂಡನ್ನು ಅನುಸರಿಸುತ್ತದೆ. ಚೆಂಡಿಗೆ ದೂರವಾದವರು ಪರದೆಯಿಂದ ಹೊರಗುಳಿಯುತ್ತಾರೆ. ಆಕ್ರಮಣವಾದರೋ ಬಹುಪಾಲು ಚೆಂಡಿಲ್ಲದವರ ಓಟದಿಂದ ಸಿದ್ಧವಾಗುತ್ತದೆ: ಎಡ ಅಂಚಿನವನು ಎದುರಾಳಿಯೊಬ್ಬನನ್ನು ಸೆಳೆದೊಯ್ದರೆ ಬಲ ಅಂಚಿನವನಿಗೆ ಎಡೆ ದೊರೆಯುತ್ತದೆ. ಆ ಮೊದಲನೆಯವನ ಶ್ರಮ ಪರದೆಯಲ್ಲಿ ಕಾಣದು. ಪ್ರತಿಯಾಗಿ, ಗೋಲಾದ ಕ್ಷಣವನ್ನು ಮಂದಗತಿಯಲ್ಲಿ, ನಾನಾ ಕೋನಗಳಿಂದ, ಮತ್ತೆ ಮತ್ತೆ ನೋಡುವ ಸೌಲಭ್ಯವು ಪರದೆಯವರಿಗಿದೆ. ಮೈದಾನದವರಿಗೆ ಆ ಕ್ಷಣ ಒಮ್ಮೆ ಮಾತ್ರ. ಆದುದರಿಂದ ಪರದೆಯ ಪ್ರೇಕ್ಷಕನು ಕೊನೆಯ ಹೊಡೆತದ ವಿಷಯದಲ್ಲಿ ನಿಪುಣನೂ ಅದರ ಹಿಂದಿನ ಕಟ್ಟಡದ ವಿಷಯದಲ್ಲಿ ದುರ್ಬಲನೂ ಆಗುವುದು ಸಹಜ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಸ್ಥಿತಿ ಅಪರಿಚಿತವಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕಶಾಸನವನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಅದರ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಲಿಪಿಕಾರನೆಂಬ ಪದವು ಖರೋಷ್ಠಿ ಲಿಪಿಯಲ್ಲಿದೆ. ಆಜ್ಞೆ ಕೊಟ್ಟವನು, ಬರೆದವನು, ಆಜ್ಞೆಯನ್ನು ಪಡೆದ ಇಸಿಲದ ಮಹಾಮಾತ್ರರು ನಮಗೆ ತಿಳಿಯುತ್ತಾರೆ. ಬಂಡೆಯನ್ನು ಅಣಿಗೊಳಿಸಿದವರು, ಸುದ್ದಿಯನ್ನು ಹೊತ್ತು ನಡೆದವರು ಶಾಸನದ ಚೌಕಟ್ಟಿನಿಂದ ಹೊರಗೆ ಉಳಿದಿದ್ದಾರೆ. ಆಧಾರವು ತೋರಿಸದವರು ಇರಲೇ ಇಲ್ಲವೆಂದು ತಿಳಿಯುವುದು ಶಾಸನ ಓದುವವನಿಗೆ ಹೇಗೆ ಸಲ್ಲದೋ ಪಂದ್ಯ ನೋಡುವವನಿಗೂ ಹಾಗೆಯೇ ಸಲ್ಲದು.

೩. ಬೆಂಗಳೂರಿನ ಇತ್ತೀಚಿನ ವಾದಗಳು

೨೦೧೩ರಲ್ಲಿ ಬೆಂಗಳೂರು ಎಫ್. ಸಿ. ತಂಡವು ಸ್ಥಾಪಿತವಾಯಿತು. ಮೊದಲು ಅಶೋಕನಗರದ ಕಾಲ್ಚೆಂಡಿನ ಕ್ರೀಡಾಂಗಣದಲ್ಲಿಯೂ ತರುವಾಯ ಕಂಠೀರವ ಕ್ರೀಡಾಂಗಣದಲ್ಲಿಯೂ ಅದು ಆಡಿತು. ಪಶ್ಚಿಮ ದಿಕ್ಕಿನ ಅಟ್ಟಣೆಯಲ್ಲಿ ನಿಂತು ಹಾಡುತ್ತಿದ್ದ ಅಭಿಮಾನಿಗಳು 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಕೂಟವಾದರು. ತಂಡವು ೨೦೧೩-೧೪ ಮತ್ತು ೨೦೧೫-೧೬ರಲ್ಲಿ ಐ-ಲೀಗನ್ನು ಗೆದ್ದು, ೨೦೧೬ರ ನವೆಂಬರಿನಲ್ಲಿ ದೋಹಾದಲ್ಲಿ ಎ. ಎಫ್. ಸಿ. ಕಪ್ಪಿನ ಅಂತಿಮ ಪಂದ್ಯವನ್ನಾಡಿ ಇರಾಕಿನ ವಾಯುಪಡೆಯ ತಂಡಕ್ಕೆ ೦-೧ರಿಂದ ಸೋತಿತು. ಆ ಪಂದ್ಯವನ್ನು ಬೆಂಗಳೂರಿನ ಬಹುಮಂದಿ ಪರದೆಯಲ್ಲಿಯೇ ನೋಡಬೇಕಾಯಿತು. ಹೀಗೆ ಒಂದೇ ತಂಡಕ್ಕೆ ಅಟ್ಟಣೆಯ ಪ್ರೇಕ್ಷಕರೂ ಪರದೆಯ ಪ್ರೇಕ್ಷಕರೂ ಏಕಕಾಲದಲ್ಲಿ ಉಂಟಾದರು. ಅಷ್ಟೇ ಅಲ್ಲ, ತವರಿನ ಪಂದ್ಯಕ್ಕೆ ಅಟ್ಟಣೆಯವನಾದವನೇ ಪರವೂರಿನ ಪಂದ್ಯಕ್ಕೆ ಪರದೆಯವನಾದನು. ನಮ್ಮ ವಿಚಾರಕ್ಕೆ ಇದು ವಿಶೇಷ ಉಪಯುಕ್ತವಾದ ಸನ್ನಿವೇಶ.

೨೦೧೮ರ ಮಾರ್ಚ್ ೧೭ರಂದು ಕಂಠೀರವದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಸುನಿಲ್ ಛೇತ್ರಿಯವರು ಆರಂಭದಲ್ಲಿಯೇ ಗೋಲು ಹೊಡೆದರೂ ಚೆನ್ನೈಯಿನ್ ತಂಡವು ೩-೨ರಿಂದ ಗೆದ್ದಿತು. ಚೆನ್ನೈಯಿನ್ನಿನ ಮೂರರಲ್ಲಿ ಎರಡು ಗೋಲುಗಳು ಮೈಲ್ಸನ್ ಆಲ್ವೆಸ್ ಎಂಬ ರಕ್ಷಕನು ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟು ಗಳಿಸಿದವು. ಸರಿಯಾಗಿ ಒಂದು ವರ್ಷದ ನಂತರ, ೨೦೧೯ರ ಮಾರ್ಚ್ ೧೭ರಂದು, ಮುಂಬಯಿಯಲ್ಲಿ ಗೋವಾ ತಂಡದ ವಿರುದ್ಧ ಬೆಂಗಳೂರು ೧-೦ರಿಂದ ಗೆದ್ದಿತು. ೧೧೭ನೆಯ ನಿಮಿಷದಲ್ಲಿ ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟವರು ರಾಹುಲ್ ಭೇಕೆ, ಅವರೂ ರಕ್ಷಕರೇ. ಯಾವ ಶಸ್ತ್ರದಿಂದ ಪೆಟ್ಟು ತಿಂದಿತೋ ಅದೇ ಶಸ್ತ್ರದಿಂದ ತಂಡವು ಗೆದ್ದಿತೆಂದು ಹೇಳಬಹುದು. ಆಗಿನ ಶಿಕ್ಷಕ ಕಾರ್ಲೆಸ್ ಕ್ವಾದ್ರಾತರು ಕಾರ್ನರ್ ಕಿಕ್, ಫ್ರೀ ಕಿಕ್ ಮೊದಲಾದ ನಿಂತ ಚೆಂಡಿನ ಅವಕಾಶಗಳಿಗೆ ಹೆಚ್ಚಿನ ಮಹತ್ತ್ವ ಕೊಟ್ಟವರು.

ಇಲ್ಲಿಂದ ಒಂದು ವಾದ ಬೆಳೆಯಿತು. ನಿಂತ ಚೆಂಡಿನಿಂದ ಗೋಲು ಗಳಿಸುವುದೂ ಆಕ್ರಮಣವೇ, ಗೆಲುವಿಗೆ ಮಾರ್ಗಭೇದವಿಲ್ಲ ಎಂಬುದು ಒಂದು ಪಕ್ಷ. ಓಡುವ ಆಟದಲ್ಲಿ ಎಡೆಗಳನ್ನು ಸೃಷ್ಟಿಸಲಾರದ ತಂಡ ಕಾರ್ನರನ್ನು ಕಾಯುತ್ತ ಕುಳಿತರೆ ಅದು ಆಕ್ರಮಣದ ದಾರಿದ್ರ್ಯವನ್ನು ಮುಚ್ಚುವ ಉಪಾಯವೆಂಬುದು ಮತ್ತೊಂದು ಪಕ್ಷ. ವೆನೆಜುವೇಲದ ಫಾರ್ವರ್ಡ್ ಮಿಕು ೨೦೧೯ರಲ್ಲಿ ತಂಡವನ್ನು ಬಿಟ್ಟನಂತರ ಎರಡನೆಯ ಪಕ್ಷಕ್ಕೆ ಬಲ ಬಂದಿತು. ೨೦೨೧ರ ಜನವರಿಯಲ್ಲಿ, ಸತತ ಸೋಲುಗಳ ಬಳಿಕ, ಕ್ವಾದ್ರಾತರು ತಂಡದಿಂದ ನಿರ್ಗಮಿಸಿದರು. ಆ ಋತುವಿನ ಪಂದ್ಯಗಳೆಲ್ಲ ಸಾಂಕ್ರಾಮಿಕದ ಕಾರಣದಿಂದ ಗೋವೆಯಲ್ಲಿ ಪ್ರೇಕ್ಷಕರಿಲ್ಲದೆ ನಡೆದುವೆಂಬುದನ್ನು ಇಲ್ಲಿ ನೆನೆಯಬೇಕು. ಎಂದರೆ, ಆ ವರ್ಷ ತಂಡದ ಆಕ್ರಮಣವನ್ನು ಕುರಿತು ಜನ ಮಾಡಿದ ತೀರ್ಪೆಲ್ಲವೂ ಪರದೆಯ ಆಧಾರವೊಂದರ ಮೇಲೆ ನಿಂತ ತೀರ್ಪು. ನಿಂತ ಚೆಂಡಿನ ಕ್ಷಣದಲ್ಲಿ ಮಾತ್ರ ಆಕ್ರಮಣಕಾರರೆಲ್ಲ ಪರದೆಯ ಒಳಗೆ ಒಟ್ಟಾಗಿ ಕಾಣುತ್ತಾರೆ. ಓಡುವ ಆಟದಲ್ಲಿ ಅವರು ಚದುರಿಹೋಗುತ್ತಾರೆ. ನಿಂತ ಚೆಂಡಿನ ಚಾತುರ್ಯವು ಎದ್ದುಕಂಡು, ಓಡುವ ಆಟದ ಪ್ರಯತ್ನಗಳು ಇರುವುದಕ್ಕಿಂತ ಕಡಮೆಯಾಗಿ ಕಂಡಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ನಾವು ಭಾವಿಸುತ್ತೇವೆ.

ಪರದೆಯ ಆಧಾರ ಪ್ರಬಲವಾಗುವ ಸಂದರ್ಭಗಳೂ ಇವೆ. ೨೦೨೩ರ ಮಾರ್ಚ್ ೩ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡದ ವಿರುದ್ಧ, ಹೆಚ್ಚುವರಿ ಕಾಲದಲ್ಲಿ, ಎದುರಾಳಿಗಳು ಗೋಡೆ ಕಟ್ಟುವ ಮೊದಲೇ ಛೇತ್ರಿಯವರು ಫ್ರೀ ಕಿಕ್ಕನ್ನು ಹೊಡೆದು ಗೋಲು ಮಾಡಿದರು. ತೀರ್ಪುಗಾರರು ಗೋಲನ್ನು ಮಾನ್ಯಮಾಡಿದರು. ಕೇರಳದ ತಂಡ ಮೈದಾನವನ್ನು ಬಿಟ್ಟು ಹೊರನಡೆಯಿತು. ತೀರ್ಪುಗಾರನು ಕಾಯಲು ಹೇಳದಿದ್ದರೆ ಬೇಗನೆ ಹೊಡೆಯಬಹುದೆಂಬುದು ನಿಯಮ. ಇಲ್ಲಿ ವಾದವು ತೀರ್ಪುಗಾರನ ಸಂಜ್ಞೆಯೊಂದನ್ನು ಅವಲಂಬಿಸಿತ್ತು. ಅಟ್ಟಣೆಯಲ್ಲಿದ್ದ ಸಾವಿರಾರು ಮಂದಿ ಸರಿಯಾಗಿ ಕಾಣದ ಸಂಜ್ಞೆಯನ್ನು ಮನೆಯಲ್ಲಿದ್ದವರು ಹತ್ತಾರು ಸಲ ನೋಡಿ ವಾದಿಸಿದರು. ಕ್ಷಣವನ್ನು ಕುರಿತ ಪ್ರಶ್ನೆಗೆ ಪರದೆಯೂ, ವ್ಯೂಹವನ್ನು ಕುರಿತ ಪ್ರಶ್ನೆಗೆ ಮೈದಾನವೂ ಉತ್ತಮ ಸಾಕ್ಷಿಗಳೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪. ಬಯಲುಸೀಮೆಯ ಹೋಲಿಕೆ

ಚಳ್ಳಕೆರೆ ಮೊಳಕಾಲ್ಮೂರು ಸೀಮೆಗೆ ಗೌರಸಮುದ್ರದ ಮಾರಮ್ಮನ ಜಾತ್ರೆ ಹೆಸರುವಾಸಿಯಾದುದು. ಎರಡು ತಾಲ್ಲೂಕುಗಳಿಂದಲೂ ನೆರೆಯ ಆಂಧ್ರದ ಊರುಗಳಿಂದಲೂ ಜನ ಅಲ್ಲಿಗೆ ನೆರೆಯುತ್ತಾರೆ. ಕಾಲ್ಚೆಂಡು ಈ ಮಳೆಯಭಾವದ ನೆಲದ ಆಟವಲ್ಲ. ನಮ್ಮ ಹಳ್ಳಿಗಳಿಗೆ ಕಬಡ್ಡಿಯೇ ಹತ್ತಿರದ ಆಟ. ೨೦೧೪ರಲ್ಲಿ ಪ್ರೊ ಕಬಡ್ಡಿ ಲೀಗಿನ ಪ್ರಸಾರ ಮೊದಲಾದಂದಿನಿಂದ ಆ ಆಟವೂ ಪರದೆಯನ್ನೇರಿದೆ. ೨೦೧೯ರ ಜನವರಿ ೫ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು ೩೮-೩೩ರಿಂದ ಸೋಲಿಸಿತು. ಆ ೩೮ ಅಂಕಗಳಲ್ಲಿ ೨೨ ಅಂಕಗಳು ಪವನ್ ಸೆಹ್ರಾವತ್ ಒಬ್ಬರವು. ಒಬ್ಬ ದಾಳಿಗಾರನನ್ನೇ ನಂಬುವುದು ಸರಿಯೋ, ದಾಳಿಯ ಭಾರವನ್ನು ಹಂಚುವುದು ಸರಿಯೋ ಎಂಬುದು ಇಲ್ಲಿನ ವಾದ. ಈಸ್ಟ್ ಬೆಂಗಾಲಿನ ಐವರನ್ನು ಕುರಿತು ಎತ್ತಬಹುದಾಗಿದ್ದ ಪ್ರಶ್ನೆಯೂ ಇದೇ.

ಆದರೆ ಆಧಾರದಲ್ಲಿ ಒಂದು ಮುಖ್ಯ ಭೇದವಿದೆ. ಪುರುಷರ ಕಬಡ್ಡಿಯ ಅಂಕಣ ೧೩ ಮೀಟರು ಉದ್ದ, ೧೦ ಮೀಟರು ಅಗಲ. ದಾಳಿಗಾರನೂ ಏಳು ಮಂದಿ ರಕ್ಷಕರೂ ಒಂದೇ ಚೌಕಟ್ಟಿನಲ್ಲಿ ಕಾಣುತ್ತಾರೆ. ಒಂದು ದಾಳಿಗೆ ೩೦ ಸೆಕೆಂಡುಗಳ ಮಿತಿ. ಮೂಲೆಯ ರಕ್ಷಕನು ಯಾವಾಗ ಕಾಲಿಗೆ ಕೈ ಹಾಕಿದನು, ಅವನಿಗೆ ಸರಪಳಿಯ ಜೊತೆಗಾರನು ನೆರವಾದನೋ ಇಲ್ಲವೋ ಎಂಬುದೆಲ್ಲ ಪರದೆಯಲ್ಲಿಯೇ ಇದೆ. ಆದುದರಿಂದ ದೂರದ ಹಳ್ಳಿಯಲ್ಲಿ ಕುಳಿತ ಪ್ರೇಕ್ಷಕನ ಕಬಡ್ಡಿವಿಮರ್ಶೆಯು ಕ್ರೀಡಾಂಗಣದಲ್ಲಿದ್ದವನ ವಿಮರ್ಶೆಗೆ ಕೀಳಾಗಬೇಕಾಗಿಲ್ಲ. ಅದರ ಮೇಲೆ, ಆ ಪ್ರೇಕ್ಷಕನು ತಾನೇ ಮಣ್ಣಿನ ಅಂಕಣದಲ್ಲಿ ಉಸಿರು ಹಿಡಿದು ಆಡಿದವನಾಗಿದ್ದರೆ ಅವನ ತೀರ್ಪಿಗೆ ಅನುಭವದ ಬಲವೂ ಕೂಡುತ್ತದೆ. ಪರದೆಯ ಪ್ರೇಕ್ಷಕರ ವಿಮರ್ಶೆಯೆಲ್ಲ ಹುರುಳಿಲ್ಲದುದೆಂಬ ಪಂಡಿತರ ತಿರಸ್ಕಾರವೂ, ನೋಡಿದ್ದೆಲ್ಲ ತಿಳಿದಂತಾಯಿತೆಂಬ ಅಭಿಮಾನಿಗಳ ಭರವಸೆಯೂ ಸಮಾನವಾಗಿ ತ್ಯಾಜ್ಯಗಳೆಂದು ಈ ಹೋಲಿಕೆ ತಿಳಿಸುತ್ತದೆ. ಭೇದವು ಬುದ್ಧಿಯದಲ್ಲ, ಆಧಾರದ್ದು.

೫. ಉಪಸಂಹಾರ

೨೦೨೩ರ ಮಾರ್ಚ್ ೪ರಂದು ಕರ್ನಾಟಕ ತಂಡವು ಸೌದಿ ಅರೇಬಿಯಾದ ರಿಯಾದಿನಲ್ಲಿ ಮೇಘಾಲಯವನ್ನು ೩-೨ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದ ಕಾಲದ ೧೯೬೮-೬೯ರ ಗೆಲುವಿನಿಂದ ಎಣಿಸಿದರೆ ೫೪ ವರ್ಷಗಳ ಅಂತರ. ಹೊಸ ಗೆಲುವನ್ನು ಕನ್ನಡಿಗರಲ್ಲಿ ಬಹುಮಂದಿ ಕಾಣಲು ಪರದೆಯೊಂದೇ ದಾರಿಯಾಗಿತ್ತು. ಅದರ ಚಿತ್ರಗಳು ಉಳಿದಿವೆ, ಮುಂದಿನ ಪೀಳಿಗೆಯವರೂ ನೋಡಬಹುದು. ಹಳೆಯ ಗೆಲುವುಗಳ ಗತಿ ಹಾಗಲ್ಲ. ಅವು ಉಳಿದಿರುವುದು ವೃತ್ತಪತ್ರಿಕೆಗಳ ವರದಿಗಳಲ್ಲಿ ಮತ್ತು ನೋಡಿದವರ ಮಾತಿನಲ್ಲಿ. ಅಹಮದ್ ಖಾನರು ೨೦೧೭ರಲ್ಲಿ ತೀರಿಕೊಂಡರು. ೧೯೬೮-೬೯ರಲ್ಲಿ ಹದಿನೈದು ವರ್ಷದವನಾಗಿದ್ದ ಪ್ರೇಕ್ಷಕನಿಗೆ ಈಗ ಎಪ್ಪತ್ತು ದಾಟಿದೆ. ಐವರು ಫಾರ್ವರ್ಡುಗಳ ಆಕ್ರಮಣವನ್ನು ಇಡೀ ಮೈದಾನದ ಹರವಿನಲ್ಲಿ ಕಂಡ ಕೊನೆಯ ಕಣ್ಣುಗಳು ಮುಚ್ಚುವ ಕಾಲ ಸಮೀಪಿಸಿದೆ.

ಆದಕಾರಣ ನಮ್ಮ ಕಾಲೇಜುಗಳ ಇತಿಹಾಸ ಸಂಘಗಳು ಈ ಕಾರ್ಯವನ್ನು ಕೈಕೊಳ್ಳುವುದು ಯುಕ್ತ. ಹಿರಿಯ ಪ್ರೇಕ್ಷಕರನ್ನು ಕಂಡು ಅವರ ಮಾತನ್ನು ಬರೆದಿಡಬೇಕು. ಬರೆಯುವಾಗ ಪಂದ್ಯ ಯಾವುದು, ವರ್ಷ ಯಾವುದು ಎಂಬುದರ ಜೊತೆಗೆ ಅವರು ಎಲ್ಲಿ ನಿಂತು ನೋಡಿದರು, ಗೋಲಿನ ಹಿಂದೆಯೋ ನಡುಗೆರೆಯ ಬಳಿಯೋ ಎಂಬುದನ್ನೂ ಕೇಳಬೇಕು. ಏಕೆಂದರೆ ನಿಂತ ಸ್ಥಳವೇ ಸಾಕ್ಷಿಯ ಮಿತಿ. ಆ ಮಾತನ್ನು ಅಂದಿನ ವೃತ್ತಪತ್ರಿಕೆಗಳೊಡನೆ ತಾಳೆನೋಡಬೇಕು. ಪರದೆಯ ಪ್ರೇಕ್ಷಕರ ವಾದಗಳನ್ನೂ ಇದೇ ಕ್ರಮದಲ್ಲಿ ಸಂಗ್ರಹಿಸಬೇಕು. ಅವು ಇಂದು ಅಗ್ಗವಾಗಿ ಕಂಡರೂ ನಾಳೆ ದುರ್ಲಭವಾಗುವುವು. ಶಾಸನಗಳನ್ನು ಹುಡುಕಿಕೊಂಡು ನಮ್ಮ ಹಿರಿಯರು ಬೆಟ್ಟಬಂಡೆಗಳನ್ನು ಅಲೆದರು. ಈ ಆಧಾರಗಳಾದರೋ ನಮ್ಮ ಬೀದಿಗಳಲ್ಲಿಯೇ, ಮನೆಯ ಜಗಲಿಗಳಲ್ಲಿಯೇ ಇವೆ. ಬಂಡೆಗಳಂತೆ ಅವು ನಮಗಾಗಿ ಕಾದಿರಲಾರವು.